ಊರು ಬೇಡವೆಂದರೂ ಊರಿನ ಗಡಿ ಹಿಗ್ಗಿತು

ಮಾನ್ಯ ಸಂಪಾದಕರೇ,

ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದ ಬಗ್ಗೆ ಬೇಸರ ತೋಡಿಕೊಳ್ಳುವವರು, ಕೆನಡಾದಂಥ ದೇಶಗಳಲ್ಲಾದರೆ ಸ್ಥಳೀಯ ಆಡಳಿತಕ್ಕೆ ಬೆಲೆಯಿದೆ ಎಂದು ಉದಾಹರಣೆ ಕೊಡುವುದುಂಟು. ಒಂಟಾರಿಯೊ ಪ್ರಾಂತ್ಯದ ಹ್ಯಾಮಿಲ್ಟನ್‌ನಲ್ಲಿ ಮನೆ ಮಾಡಿಕೊಂಡಿರುವ ನನಗೆ ಆ ಮಾತನ್ನು ಒಪ್ಪಲಾಗುತ್ತಿಲ್ಲವಾದ್ದರಿಂದ ಈ ಪತ್ರ.

2021ರ ಬೇಸಿಗೆಯಲ್ಲಿ ನಮ್ಮ ಪಾಲಿಕೆಯಿಂದ ಮನೆಮನೆಗೂ ಅಂಚೆಯಲ್ಲಿ ಒಂದು ಪ್ರಶ್ನಾವಳಿ ಬಂತು. 2051ರವರೆಗೆ ಬಂದು ನೆಲೆಸುವವರಿಗೆ ಮನೆ ಒದಗಿಸಲು ನಗರದ ಗಡಿಯನ್ನು ಸುತ್ತಲಿನ ಹೊಲಗಳ ಮೇಲೆ ಸುಮಾರು 1,300 ಹೆಕ್ಟೇರ್ ವಿಸ್ತರಿಸಬೇಕೇ, ಅಥವಾ ಈಗಿರುವ ಗಡಿಯೊಳಗೇ ಖಾಲಿ ಜಾಗಗಳನ್ನು ಬಳಸಿ, ಮಹಡಿ ಏರಿಸಿ ಹೊಂದಿಸಿಕೊಳ್ಳಬೇಕೇ ಎಂಬುದು ಅದರ ತಿರುಳು. ಹಿಂದಿನ ದಿನವಷ್ಟೇ ಅತ್ತ ಕಡೆಯ ಒಂದು ಹೊಲದ ಅಂಚಿನಲ್ಲಿ, ಕಾಯುವವರಿಲ್ಲದ ಹಲಗೆಯ ಮೇಲಿನ ತಗಡಿನ ಡಬ್ಬಿಗೆ ದುಡ್ಡು ಹಾಕಿ ಒಂದು ಬುಟ್ಟಿ ಸ್ಟ್ರಾಬೆರಿ ತಂದಿದ್ದೆವು. ಅದನ್ನೇ ತಿನ್ನುತ್ತ ಮನೆಯವರೆಲ್ಲ ಚರ್ಚಿಸಿ, ವಿಸ್ತರಣೆ ಬೇಡ ಎಂಬ ಚೌಕಕ್ಕೆ ಗುರುತು ಹಾಕಿದೆವು. ಪಾಲಿಕೆಗೆ 18,000ಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳಲ್ಲಿ ಶೇ 90ರಷ್ಟು ನಮ್ಮಂತೆಯೇ ಇದ್ದವು. ನವೆಂಬರ್‌ನಲ್ಲಿ ಪಾಲಿಕೆಯ ಸಭೆ 13–3 ಮತಗಳಿಂದ ಗಡಿಯನ್ನು ಇದ್ದಲ್ಲೇ ಉಳಿಸಿತು.

ಮರುವರ್ಷ ನವೆಂಬರ್‌ನಲ್ಲಿ ಪ್ರಾಂತ್ಯ ಸರ್ಕಾರದ ಸಚಿವರು ಪಾಲಿಕೆಯ ಆ ಯೋಜನೆಯನ್ನು ತಿದ್ದಿ ನಗರದ ಗಡಿಯೊಳಗೆ 2,200 ಹೆಕ್ಟೇರ್ ಸೇರಿಸಿದರು. ನಮ್ಮನ್ನು ಕೇಳಿದ್ದು 1,300ಕ್ಕೆ. ಬೇಡವೆಂದ ಮೇಲೆ ಸಿಕ್ಕಿದ್ದು 2,200! ಅದರ ಮೇಲೆ ಮೇಲ್ಮನವಿಗೂ ಅವಕಾಶವಿರಲಿಲ್ಲ.

ಮನೆಗಳ ಕೊರತೆ ಸುಳ್ಳಲ್ಲ. ಇಲ್ಲೇ ಓದಿ ಕೆಲಸ ಹಿಡಿದ ನಮ್ಮ ಮಕ್ಕಳಿಗೂ ಈ ಊರಿನಲ್ಲಿ ಮನೆ ಕೊಳ್ಳುವ ಶಕ್ತಿಯಿಲ್ಲ. ಆದರೆ ಕೊರತೆಗೆ ಕಾರಣ ಜಮೀನಿನ ಅಭಾವವಲ್ಲ ಎಂದು 2022ರ ಫೆಬ್ರವರಿಯಲ್ಲಿ ವರದಿ ಕೊಟ್ಟಿದ್ದು ಈ ಸರ್ಕಾರವೇ ನೇಮಿಸಿದ ಕಾರ್ಯಪಡೆ.

2023ರ ಆಗಸ್ಟ್‌ನಲ್ಲಿ ಪ್ರಾಂತ್ಯದ ಮಹಾಲೇಖಪಾಲರು, ಇದೇ ಸರ್ಕಾರ ಸಂರಕ್ಷಿತ ಹಸಿರು ವಲಯದಿಂದ 7,400 ಎಕರೆ ಕೈಬಿಟ್ಟ ರೀತಿ ಕೆಲವೇ ಬಿಲ್ಡರ್‌ಗಳಿಗೆ ಅನುಕೂಲವಾಗುವಂತಿತ್ತು ಎಂದು ವರದಿ ಮಾಡಿದರು. ನಮ್ಮ ಗಡಿ ಹಿಗ್ಗಿಸಿದ್ದ ಸಚಿವರೇ ರಾಜೀನಾಮೆ ಕೊಟ್ಟರು, ಹೊಸ ಸಚಿವರು ಅಕ್ಟೋಬರ್‌ನಲ್ಲಿ ನಮ್ಮ ಗಡಿಯ ಆದೇಶವನ್ನೂ ಹಿಂಪಡೆದರು. ನೆರೆಯವರು ಸಂಭ್ರಮಿಸಿದರು. ನನಗೆ ಗೆದ್ದಂತೆ ಅನಿಸಲಿಲ್ಲ. ನಮ್ಮ ಮಾತಿಗೆ ತಲೆಬಾಗಿ ಹಿಂಪಡೆದದ್ದಲ್ಲ ಅದು, ಬೇರೊಂದು ಹಗರಣದ ಬಿಸಿಗೆ ಕೈಬಿಟ್ಟದ್ದು.

ಅನುಮಾನ ನಿಜವಾಗಲು ವರ್ಷವೂ ಬೇಕಾಗಲಿಲ್ಲ. 2024ರ ಜೂನ್‌ನಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಗಡಿ ವಿಸ್ತರಣೆಗೆ ಬಿಲ್ಡರ್ ಹಾಕಿದ ಅರ್ಜಿಯನ್ನು ಪಾಲಿಕೆ ತಿರಸ್ಕರಿಸಿದರೆ ಆತ ಪ್ರಾಂತ್ಯದ ಭೂ ನ್ಯಾಯಮಂಡಳಿಗೆ ಹೋಗಬಹುದು. ಪಾಲಿಕೆ ಒಪ್ಪಿಬಿಟ್ಟರೆ ಪಕ್ಕದ ಮನೆಯ ನಾನು ಹೋಗುವಂತಿಲ್ಲ, ಏಕೆಂದರೆ ಸಾಮಾನ್ಯ ನಿವಾಸಿಗಳಿಗಿದ್ದ ಮೇಲ್ಮನವಿಯ ಹಕ್ಕನ್ನು ಅದೇ ಕಾನೂನು ಮೊಟಕುಗೊಳಿಸಿದೆ. ನಗರದ ದಕ್ಷಿಣದ ಹೊಲಗಳ ಮೇಲೆ ಅಂಥ ಅರ್ಜಿಗಳು ಬಂದೂ ಆಗಿವೆ.

ಇದಕ್ಕೆಲ್ಲ ಬುಡದಲ್ಲಿರುವುದು ಕೆನಡಾದ 1867ರ ಸಂವಿಧಾನ ಕಾಯ್ದೆ. ಅದರ 92ನೇ ಸೆಕ್ಷನ್ ಪುರಸಭೆಗಳನ್ನು ಪೂರ್ತಿಯಾಗಿ ಪ್ರಾಂತ್ಯದ ಕೈಗೆ ಕೊಟ್ಟಿದೆ. 2018ರಲ್ಲಿ ಟೊರಾಂಟೊ ಚುನಾವಣೆಯ ಪ್ರಚಾರ ನಡೆಯುತ್ತಿರುವಾಗಲೇ ಪ್ರಾಂತ್ಯ ಸರ್ಕಾರ 47 ವಾರ್ಡ್‌ಗಳನ್ನು 25ಕ್ಕೆ ಇಳಿಸಿದ್ದನ್ನು ಇಲ್ಲಿನ ಸುಪ್ರೀಂ ಕೋರ್ಟ್ 2021ರಲ್ಲಿ 5–4ರ ತೀರ್ಪಿನಲ್ಲಿ ಎತ್ತಿಹಿಡಿದದ್ದೂ ಹೀಗೆಯೇ. ಭಾರತದಲ್ಲಿ ನಗರಾಡಳಿತಕ್ಕೆ ಸಂವಿಧಾನದಲ್ಲೇ ಸ್ಥಾನ ಕೊಟ್ಟ 74ನೇ ತಿದ್ದುಪಡಿಯನ್ನು ಮುಂದಿಟ್ಟು, ಐದು ವರ್ಷದೊಳಗೆ ಚುನಾವಣೆ ಮಾಡಲಿಲ್ಲವೇಕೆ ಎಂದು ಕೋರ್ಟಿನಲ್ಲಿ ಕೇಳಬಹುದು. ಇಲ್ಲಿ ಹಾಗೆ ಮುಂದಿಡಲು ಒಂದು ವಿಧಿಯೂ ಇಲ್ಲ.

2026ರ ಅಕ್ಟೋಬರ್ ಪಾಲಿಕೆ ಚುನಾವಣೆಗೆ ಮತ ಕೇಳಿಕೊಂಡು ಮನೆಬಾಗಿಲಿಗೆ ಬರುವ ಅಭ್ಯರ್ಥಿಗೆ ನನ್ನದೊಂದೇ ಪ್ರಶ್ನೆ: ಇನ್ನೊಂದು ಪ್ರಶ್ನಾವಳಿ ಕಳಿಸುವುದಾದರೆ, ಅದಕ್ಕೆ ನಾವು ಕೊಡುವ ಉತ್ತರವನ್ನು ಉಳಿಸಿಕೊಳ್ಳಲು ನಿಮ್ಮ ಬಳಿ ಏನಿದೆ?

– ಒಬ್ಬ ಓದುಗ
ಹ್ಯಾಮಿಲ್ಟನ್, ಒಂಟಾರಿಯೊ