ಮಗಳಿಗೊಂದು ಪತ್ರ: ಐಕಾನ್ ಯಾರಿಗೆ ಕಾಣಬಾರದು?

ಪುಟ್ಟೀ,

ಕಾಲೇಜಿನ ಹುಡುಗನೊಬ್ಬ, ಫೋನಿಗೆ ಬಂದ ಎಸ್ಸೆಮ್ಮೆಸ್ ಓದಿ ಬೇರೆ ನಂಬರಿಗೆ ಕಳಿಸುವ, ಐಕಾನ್ ಕಾಣದ ಆ್ಯಪ್ ಬರೆದುಕೊಡು ಅಂತ ದುಂಬಾಲು ಬಿದ್ದಿದ್ದಾನೆ, ಏನು ಮಾಡಲಿ ಅಂತ ಕೇಳಿದ್ದೀಯ. ಅವನು ಕೇಳಿದ ಹಾಗೆ ಬರೆದುಕೊಡಬೇಡ.

ಎಸ್ಸೆಮ್ಮೆಸ್ ಓದುವ ಆ್ಯಪ್ ಅಂದ ಮಾತ್ರಕ್ಕೆ ತಪ್ಪೇನಿಲ್ಲ. ಖರ್ಚಿನ ಲೆಕ್ಕ ಇಡುವ ಆ್ಯಪ್‌ಗಳೂ ಬ್ಯಾಂಕಿನ ಮೆಸೇಜ್ ಓದುತ್ತವೆ. ಇವನಿಗೆ ಬೇಕಿರುವುದು ಬೇರೆ. ಮೆಸೇಜ್ ಬಂದ ಕೂಡಲೇ ಇನ್ನೊಂದು ನಂಬರಿಗೆ ಹೋಗಬೇಕು, ಐಕಾನ್ ಕಾಣಲೇಬಾರದು. ಯಾರಿಗೆ ಕಾಣಬಾರದು? ಫೋನ್ ಯಾರದೋ ಅವರಿಗೇ ಅಲ್ವಾ? ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಅಂತ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಬರುತ್ತದಲ್ಲ, ಯಾರೋ ನೆಂಟರದ್ದಿರಬೇಕು ಅಂತ ಒತ್ತಿ, ಕೇಳಿದ್ದಕ್ಕೆಲ್ಲ ‘ಅಲೋ’ ಒತ್ತಿ ಅನುಮತಿ ಕೊಟ್ಟವರ ಒಟಿಪಿ ಕಳ್ಳರ ಕೈಸೇರಿ ಖಾತೆ ಖಾಲಿಯಾಗುತ್ತದಲ್ಲ, ಅಲ್ಲಿ ಕೆಲಸ ಮಾಡುವುದೂ ಇಂಥದ್ದೇ ಕೋಡ್.

‘ನಾನು ಬರೆದುಕೊಟ್ಟೆ ಅಷ್ಟೇ, ಬಳಸಿದ್ದು ಅವನು’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಅರ್ಕನ್ಸಾದಲ್ಲಿ ಟೇಲರ್ ಹಡಲ್‌ಸ್ಟನ್ ಅನ್ನುವವನು ನ್ಯಾನೋಕೋರ್ ಅಂತ ಒಂದು ಪ್ರೋಗ್ರಾಂ ಬರೆದ. ದೂರದಲ್ಲಿ ಕೂತು ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್. ಆಫೀಸುಗಳಲ್ಲಿ ಐಟಿಯವರೂ ಅಂಥದ್ದನ್ನು ಬಳಸುತ್ತಾರೆ. ಆದರೆ ಇದರಲ್ಲಿ ಪಾಸ್‌ವರ್ಡ್ ಕದಿಯುವುದಕ್ಕೂ ಗೊತ್ತಾಗದ ಹಾಗೆ ವೆಬ್‌ಕ್ಯಾಮ್ ಆನ್ ಮಾಡುವುದಕ್ಕೂ ದಾರಿ ಇತ್ತು, ಮಾರಿದ್ದೂ ಹ್ಯಾಕರ್‌ಗಳು ಸೇರುವ ಹ್ಯಾಕ್ ಫೋರಮ್ಸ್‌ನಲ್ಲಿ. ಕೊಳ್ಳುವವರಲ್ಲಿ ಕೆಲವರ ಉದ್ದೇಶ ಏನು ಅಂತ ತನಗೆ ಗೊತ್ತಿತ್ತು ಅಂತ 2017ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ. 2018ರಲ್ಲಿ 33 ತಿಂಗಳ ಜೈಲಾಯಿತು. ನಮ್ಮ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 84ಬಿ ಕಲಮೂ ಹಾಗೇ, ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ.

ಕಾಯ್ದೆಗೆ ಹೆದರಿ ಬಿಡು ಅಂತ ಹೇಳುತ್ತಿಲ್ಲ. ಪಿಂಚಣಿ ದುಡ್ಡು ಕಳೆದುಕೊಂಡು ಬ್ಯಾಂಕಿನ ಕೌಂಟರ್ ಮುಂದೆ ನಿಲ್ಲುವವರು ಯಾರದೋ ಅಪ್ಪ ಅಮ್ಮ. ಅವರನ್ನು ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ.

ಹಾಗಂತ ಆ ಹುಡುಗನನ್ನು ಕಳ್ಳ ಅನ್ನಬೇಡ. ಸುಮ್ನೆ ಕುತೂಹಲಕ್ಕೆ ಕೇಳುವವರೂ ಇರುತ್ತಾರೆ, ಮತ್ತೆ ದಾಳಿ ಹೇಗೆ ನಡೆಯುತ್ತದೆ ಅಂತ ಕಲಿಯದೆ ತಡೆಯುವುದನ್ನು ಕಲಿಯಲು ಆಗುವುದಿಲ್ಲ. ನೇರವಾಗಿ ಕೇಳು: ಇದು ಯಾರ ಫೋನಿಗೆ, ಅವರಿಗೆ ಗೊತ್ತಾ? ತನ್ನದೇ ಫೋನು, ಕಲಿಯಬೇಕು ಅಂದರೆ ಜೊತೆಗೆ ಕೂತು ಹೇಳಿಕೊಡು. ಆ್ಯಪ್‌ಗೆ ಏನೇನು ಅನುಮತಿ ಬೇಕು ಅಂತ ಬರೆದಿಡುವ ಮ್ಯಾನಿಫೆಸ್ಟ್ ಫೈಲಿನಲ್ಲಿ ಎಸ್ಸೆಮ್ಮೆಸ್ ಅನುಮತಿ ಎಲ್ಲಿರುತ್ತದೆ, ಆ್ಯಂಡ್ರಾಯ್ಡ್ ಅದನ್ನು ಯಾಕೆ ಕೇಳಿಯೇ ಕೊಡುತ್ತದೆ, ಎಲ್ಲ ತೋರಿಸು. ಐಕಾನ್ ಮಾತ್ರ ಕಾಣುವ ಹಾಗೇ ಇರಲಿ. ಗೆಳತಿಯ ಫೋನಿಗೆ ಅಂದರೆ ಅಲ್ಲಿಗೇ ನಿಲ್ಲಿಸು, ಆ ಹುಡುಗಿ ಯಾರು ಅಂತ ಗೊತ್ತಿದ್ದರೆ ಅವಳಿಗೂ ಒಂದು ಮಾತು ಹೇಳು.

ಅವನು ಏನಂದ ಅಂತ ಭಾನುವಾರ ಫೋನ್ ಮಾಡಿದಾಗ ಹೇಳು.

ನಿನ್ನ
ಅಪ್ಪ