ಮೊದಲು ಜಾಮೀನು, ಆಮೇಲೆ ತಪ್ಪೊಪ್ಪಿಗೆ

ಮಾನ್ಯ ಸಂಪಾದಕರೇ,

ಕಾನೂನು ನೆರವಿನ ವಕೀಲೆಯಾಗಿ ಜೈಲಿನಲ್ಲಿ ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ: ‘ಮೇಡಂ, ಒಪ್ಪಿಕೊಂಡರೆ ಮನೆಗೆ ಯಾವಾಗ ಹೋಗಬಹುದು?’ ಸಾಕ್ಷ್ಯ ಏನಿದೆ ಎಂದು ವಿಚಾರಿಸುವವರು ಅಪರೂಪ. ಜಾಮೀನಿಗೆ ಹಣವಿಲ್ಲ, ಕೆಲಸ ಹೋಗಿದೆ, ವಿಚಾರಣೆಯ ದಿನ ಗೊತ್ತಿಲ್ಲ. ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಬಿಡುಗಡೆ. ಹೀಗಿರುವಾಗ ನಿರಪರಾಧಿಯೂ ಸಹಿ ಹಾಕುತ್ತಾನೆ. ಅಪರಾಧಿಯೆಂಬ ದಾಖಲೆ ಮುಂದೆ ಬೆನ್ನು ಬಿಡುವುದಿಲ್ಲ ಎಂದು ಆ ಗಳಿಗೆಯಲ್ಲಿ ಬಿಡಿಸಿ ಹೇಳುವವರಿಲ್ಲ.

ನ್ಯೂಯಾರ್ಕಿನ ಕಲೀಫ್ ಬ್ರೌಡರ್ 2010ರಲ್ಲಿ, 16ರ ವಯಸ್ಸಿನಲ್ಲಿ, ಬ್ಯಾಗ್ ಕದ್ದ ಆರೋಪದ ಮೇಲೆ ಬಂಧಿತನಾದ. ತಪ್ಪೊಪ್ಪಿಕೊಳ್ಳಲು ಒಪ್ಪದೆ ಸುಮಾರು ಮೂರು ವರ್ಷ ಜೈಲಿನಲ್ಲೇ ಕಳೆದ. ವಿಚಾರಣೆ ನಡೆಯಲೇ ಇಲ್ಲ, ಪ್ರಕರಣ ವಜಾ ಆಯಿತು. 2015ರಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಜಾಮೀನು ಅರ್ಜಿ ಇತ್ಯರ್ಥವಾಗುವ ತನಕ ಜೈಲಿನಲ್ಲಿರುವವರ ತಪ್ಪೊಪ್ಪಿಗೆಯನ್ನು ನ್ಯಾಯಾಲಯಗಳು ಸ್ವೀಕರಿಸಬಾರದು.

— ಒಬ್ಬ ವಕೀಲೆ