ಮೇಲುಕೋಟೆ ಕ್ಷೇತ್ರದ ಗಡಿ: ಹೋಬಳಿಗಳನ್ನು ಹಂಚುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

2027ರ ಜನಗಣತಿಯ ಸುದ್ದಿಯ ಬೆನ್ನಿಗೇ ಕ್ಷೇತ್ರ ಪುನರ್‌ವಿಂಗಡಣೆಯ, ಅಂದರೆ ಜನಸಂಖ್ಯೆಗೆ ತಕ್ಕಂತೆ ಚುನಾವಣಾ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುವುದರ, ಚರ್ಚೆಯೂ ಪತ್ರಿಕೆಗಳಲ್ಲಿ ನಡೆಯುತ್ತಿದೆ. ಲೋಕಸಭೆಯಲ್ಲಿ ದಕ್ಷಿಣದ ರಾಜ್ಯಗಳ ಪಾಲು ಎಷ್ಟು ಉಳಿದೀತು ಎಂಬುದರ ಸುತ್ತಲೇ ಅದು ಬಹುಪಾಲು ಸುತ್ತುತ್ತಿದೆ. ಆ ಪ್ರಶ್ನೆ ಮುಖ್ಯವಾದುದೇ. ಆದರೆ ಮಂಡ್ಯ ಜಿಲ್ಲೆಯವರು ತಮ್ಮ ವಿಧಾನಸಭಾ ಕ್ಷೇತ್ರಗಳ ಗಡಿಯ ಬಗೆಗೂ ಈಗಲೇ ಯೋಚಿಸುವುದು ಒಳ್ಳೆಯದು. ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯಲ್ಲಿದ್ದುಕೊಂಡು ಮೇಲುಕೋಟೆ ಕ್ಷೇತ್ರದಲ್ಲಿ ಮತ ಹಾಕುವವನಾಗಿ ಈ ಮಾತುಗಳನ್ನು ಬರೆಯುತ್ತಿದ್ದೇನೆ.

2008ಕ್ಕೆ ಮೊದಲು ಮಂಡ್ಯ ಜಿಲ್ಲೆಯಲ್ಲಿ ಒಂಬತ್ತು ವಿಧಾನಸಭಾ ಕ್ಷೇತ್ರಗಳಿದ್ದವು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್‌ವಿಂಗಡಣಾ ಆಯೋಗ 2001ರ ಜನಗಣತಿಯ ಆಧಾರದ ಮೇಲೆ ಗಡಿಗಳನ್ನು ಹೊಸದಾಗಿ ಎಳೆದಾಗ ಅವು ಏಳಾದವು. ಕಾವೇರಿ ಹೋರಾಟದ ಮುಂದಾಳು ಜಿ. ಮಾದೇಗೌಡರು ಹಲವು ಅವಧಿಗೆ ಪ್ರತಿನಿಧಿಸಿದ್ದ ಕಿರುಗಾವಲು ಮತ್ತು ಎಚ್.ಡಿ. ಚೌಡಯ್ಯನವರ ಕೆರಗೋಡು ಕ್ಷೇತ್ರಗಳು ಪಟ್ಟಿಯಿಂದಲೇ ಅಳಿಸಿಹೋದವು. ಇದರಲ್ಲಿ ರಾಜಕೀಯದ ಕೈವಾಡವಿತ್ತೆಂದು ಇಂದಿಗೂ ಹೇಳುವವರಿದ್ದಾರೆ, ಆದರೆ ಸಂಖ್ಯೆ ಕಡಿಮೆಯಾದುದಕ್ಕೆ ಸರಳ ಭಾಗಾಕಾರವೇ ಸಾಕಷ್ಟು ಕಾರಣ ಕೊಡುತ್ತದೆ. 2001ರಲ್ಲಿ ರಾಜ್ಯದ ಜನಸಂಖ್ಯೆ 5.28 ಕೋಟಿ. ಅದನ್ನು 224 ಸ್ಥಾನಗಳಿಗೆ ಹಂಚಿದರೆ ಕ್ಷೇತ್ರವೊಂದಕ್ಕೆ ಸುಮಾರು 2.36 ಲಕ್ಷ ಜನ ಬರುತ್ತಾರೆ. ಆಗ ಜಿಲ್ಲೆಯಲ್ಲಿದ್ದವರು 17.63 ಲಕ್ಷ, ಅಂದರೆ ಏಳೂವರೆಗೆ ತುಸು ಕಡಿಮೆ ಕ್ಷೇತ್ರಗಳಿಗೆ ಆಗುವಷ್ಟು. ಒಟ್ಟು ಸ್ಥಾನಗಳು 224 ಆಗಿಯೇ ಉಳಿದು, ಬೆಂಗಳೂರು ಮಹಾನಗರದ ಕ್ಷೇತ್ರಗಳು 28ಕ್ಕೆ ಏರಿದಾಗ, ಆ ಹೆಚ್ಚಳದ ಬೆಲೆಯನ್ನು ನಮ್ಮಂಥ ಜಿಲ್ಲೆಗಳು ತೆರಬೇಕಾಯಿತು.

ಮುಂದಿನ ಸಲದ ಆತಂಕವೂ ಇದೇ ಲೆಕ್ಕದಲ್ಲಿದೆ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ 15ಕ್ಕಿಂತ ಹೆಚ್ಚು ಬೆಳೆದರೆ ಮಂಡ್ಯ ಜಿಲ್ಲೆಯದು ಶೇ 2.4ರಷ್ಟು ಮಾತ್ರ ಬೆಳೆದು 18.05 ಲಕ್ಷಕ್ಕೆ ನಿಂತಿತು. ಅದೇ ಭಾಗಾಕಾರವನ್ನು 2011ರ ಅಂಕಿಗಳಿಗೆ ಮಾಡಿದರೆ ಬರುವುದು 6.6. ನಮ್ಮ ಮಕ್ಕಳು ಬೆಂಗಳೂರು, ಮೈಸೂರುಗಳಲ್ಲಿ ನೆಲೆ ನಿಲ್ಲುತ್ತಿರುವ ವೇಗವನ್ನು ನೋಡಿದರೆ, ಒಟ್ಟು ಸ್ಥಾನಗಳನ್ನು ಹೆಚ್ಚಿಸದ ಹೊರತು ಜಿಲ್ಲೆ ಆರು ಕ್ಷೇತ್ರಗಳಿಗೆ ಇಳಿಯುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಹಾಗೇನಾದರೂ ಆದರೆ ಮತ್ತೆ ಹೋಬಳಿಗಳು ಅತ್ತಿಂದಿತ್ತ ಹಂಚಿಹೋಗುತ್ತವೆ.

ಆ ಹಂಚಿಕೆ ಹೇಗಿರುತ್ತದೆ ಎಂಬುದಕ್ಕೆ ಮೇಲುಕೋಟೆಯೇ ನಿದರ್ಶನ. ಹಿಂದಿನ ಪಾಂಡವಪುರ ಕ್ಷೇತ್ರದ ಜಾಗದಲ್ಲಿ 2008ರಲ್ಲಿ ಮೇಲುಕೋಟೆ ಕ್ಷೇತ್ರ ಬಂದಿತು. ತಾಲ್ಲೂಕು ಕೇಂದ್ರದ ಹೆಸರು ಹೋಗಿ ಹೋಬಳಿ ಕೇಂದ್ರದ ಹೆಸರು ಬಂದದ್ದರ ಬಗ್ಗೆ ನನ್ನ ತಕರಾರಿಲ್ಲ. ವೈರಮುಡಿ ಉತ್ಸವದ ಊರನ್ನು ನಾಡಿನಲ್ಲಿ ಅರಿಯದವರಿಲ್ಲ. ಪಾಂಡವಪುರ ತಾಲ್ಲೂಕಿನ ಜನಸಂಖ್ಯೆಯೊಂದೇ ಒಂದು ಕ್ಷೇತ್ರಕ್ಕೆ ಸಾಲದಾದ್ದರಿಂದ ನಮ್ಮ ದುದ್ದ ಹೋಬಳಿಯನ್ನು ಅದಕ್ಕೆ ಸೇರಿಸಲಾಯಿತು. ಇದೇ ರೀತಿ ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಹೋಬಳಿ ಶ್ರೀರಂಗಪಟ್ಟಣ ಕ್ಷೇತ್ರಕ್ಕೂ, ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿ ನಾಗಮಂಗಲ ಕ್ಷೇತ್ರಕ್ಕೂ ಹೋದವು. ಹೀಗೆ ಜಿಲ್ಲಾ ಕೇಂದ್ರವನ್ನು ಹೊಂದಿರುವ ತಾಲ್ಲೂಕೇ ಮೂರು ಕ್ಷೇತ್ರಗಳಲ್ಲಿ ಚದುರಿತು. ಲೋಕಸಭೆಯ ಲೆಕ್ಕಕ್ಕೆ ಬಂದರೆ ಮಂಡ್ಯ ಜಿಲ್ಲೆಯ ಏಳು ಕ್ಷೇತ್ರಗಳ ಜೊತೆಗೆ ಮೈಸೂರು ಜಿಲ್ಲೆಯ ಕೃಷ್ಣರಾಜನಗರವೂ ಸೇರಿದೆ.

ಮೇಲುಕೋಟೆ ಕ್ಷೇತ್ರದ ನೆಲವನ್ನು ಬಲ್ಲವರಿಗೆ ಅಲ್ಲಿ ಎರಡು ಬಗೆಯ ಬದುಕು ಇರುವುದು ಗೊತ್ತು. ತೆಂಕಣ ಭಾಗದಲ್ಲಿ ಕೃಷ್ಣರಾಜಸಾಗರದ ಎಡದಂಡೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ನೀರು, ಭತ್ತ, ಕಬ್ಬು ಮತ್ತು ಕಬ್ಬನ್ನೇ ನೆಚ್ಚಿ ಕಟ್ಟಿದ, ವರ್ಷಗಟ್ಟಲೆ ಬಾಗಿಲು ಹಾಕಿಕೊಂಡಿದ್ದು ಕೊನೆಗೆ 2020ರಲ್ಲಿ ಖಾಸಗಿಯವರ ಗುತ್ತಿಗೆಗೆ ಹೋದ ಪಾಂಡವಪುರ ಸಹಕಾರಿ ಸಕ್ಕರೆ ಕಾರ್ಖಾನೆ. ಬಡಗಣ ಭಾಗದಲ್ಲಿ ಮೇಲುಕೋಟೆಯ ಕಲ್ಲುಬೆಟ್ಟಗಳು, ತೋಳಗಳ ರಕ್ಷಣೆಗೆಂದು 1974ರಲ್ಲಿ ಘೋಷಿಸಿದ ವನ್ಯಧಾಮ, ರಾಗಿ, ಹುರುಳಿಯ ಬೆದ್ದಲು. ನಡುವೆ ತೊಣ್ಣೂರು ಕೆರೆ. ಕಲ್ಲುಗಣಿಗಾರಿಕೆಯಿಂದ ಕೃಷ್ಣರಾಜಸಾಗರ ಅಣೆಕಟ್ಟೆಗೆ ಅಪಾಯವಿದೆಯೇ ಎಂಬ ವಿವಾದದಿಂದ ಹೆಸರಾದ ಬೇಬಿ ಬೆಟ್ಟವೂ ಇದೇ ತಾಲ್ಲೂಕಿನದು. ನೀರು, ಕಬ್ಬಿನ ಬಾಕಿ, ಕಲ್ಲು ಈ ಮೂರರ ಜಗಳ ಬಲ್ಲ ನೆಲವಾದ್ದರಿಂದಲೇ ಇಲ್ಲಿ ರೈತ ಸಂಘ ಬೇರೂರಿತು ಎಂಬುದು ನನ್ನ ಎಣಿಕೆ. ರೈತ ಸಂಘದ ಮುಂದಾಳು, ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದರು. 2008 ಮತ್ತು 2018ರಲ್ಲಿ ಜಾತ್ಯತೀತ ಜನತಾದಳದ ಸಿ.ಎಸ್. ಪುಟ್ಟರಾಜು ಗೆದ್ದರೆ, 2023ರಲ್ಲಿ ಪುಟ್ಟಣ್ಣಯ್ಯನವರ ಮಗ ದರ್ಶನ್ ಪುಟ್ಟಣ್ಣಯ್ಯ ಆಯ್ಕೆಯಾದರು. ರಾಷ್ಟ್ರೀಯ ಪಕ್ಷಗಳ ಆಚೆಗೆ ನಿಂತ ರೈತ ಚಳವಳಿಯೊಂದು ಇಷ್ಟು ಕಾಲ ಮತಪೆಟ್ಟಿಗೆಯಲ್ಲಿ ಉಳಿದುಕೊಂಡ ಕ್ಷೇತ್ರಗಳು ರಾಜ್ಯದಲ್ಲಿ ವಿರಳ.

ಭೂಗುಣವನ್ನಷ್ಟೇ ನೋಡಿದರೆ ದುದ್ದವನ್ನು ಮೇಲುಕೋಟೆಗೆ ಜೋಡಿಸಿದ್ದು ತಪ್ಪೆನ್ನಲಾರೆ. ನಮ್ಮ ಕಡೆಯೂ ನಾಲೆಗಿಂತ ಮಳೆಯನ್ನೂ ಕೆರೆಯನ್ನೂ ನೆಚ್ಚಿದ ಊರುಗಳೇ ಹೆಚ್ಚು. ಕೆರೆ ತುಂಬಿಸುವ ಯೋಜನೆಯ ಮಾತು ಬಂದಾಗ ಮಂಡ್ಯದ ಗದ್ದೆಬಯಲಿನವರಿಗಿಂತ ಮೇಲುಕೋಟೆ ಹೋಬಳಿಯವರಿಗೆ ನಮ್ಮ ಕಷ್ಟ ಬೇಗ ಅರ್ಥವಾಗುತ್ತದೆ. ತೊಡಕಿರುವುದು ಆಡಳಿತದಲ್ಲಿ. ಪಹಣಿ, ಖಾತೆ, ಪೋಡಿಗೆ ನಾವು ಹೋಗಬೇಕಾದ್ದು ಮಂಡ್ಯದ ತಾಲ್ಲೂಕು ಕಚೇರಿಗೆ, ಶಾಸಕರನ್ನು ಕಾಣಬೇಕಾದ್ದು ಪಾಂಡವಪುರದಲ್ಲಿ. ಶಾಸಕರು ಎರಡು ತಾಲ್ಲೂಕುಗಳ ತಹಶೀಲ್ದಾರರೊಡನೆ ವ್ಯವಹರಿಸಬೇಕು. ಮಂಡ್ಯದ ತಹಶೀಲ್ದಾರರು ಮೂವರು ಶಾಸಕರ ಮಾತಿಗೆ ಉತ್ತರ ಹೇಳಬೇಕು. ಇಂಥ ವ್ಯವಸ್ಥೆಯಲ್ಲಿ ಅಂಚಿನ ಹೋಬಳಿಯ ಕಡತ ಯಾರ ಮೇಜಿನ ಮೇಲೂ ಮೊದಲನೆಯದಾಗಿರುವುದಿಲ್ಲ.

ಕ್ಷೇತ್ರಗಳು ಸಾಧ್ಯವಾದಷ್ಟು ಮಟ್ಟಿಗೆ ಚದುರದೆ ಒಂದೆಡೆ ಒತ್ತಾಗಿರಬೇಕು, ಭೌಗೋಳಿಕ ಲಕ್ಷಣ, ಈಗಿರುವ ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯ ಮತ್ತು ಜನರ ಅನುಕೂಲವನ್ನು ಗಮನದಲ್ಲಿಡಬೇಕು ಎಂದು 2002ರ ಕ್ಷೇತ್ರ ಪುನರ್‌ವಿಂಗಡಣಾ ಕಾಯ್ದೆಯ 9ನೇ ಕಲಮೇ ಹೇಳುತ್ತದೆ. ಮುಂದಿನ ಕಾಯ್ದೆಯಲ್ಲೂ ಈ ಮಾತು ಉಳಿಯಬೇಕು, ಜೊತೆಗೆ ಒಂದು ತಾಲ್ಲೂಕು ಎರಡಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಹಂಚಿಹೋಗದಂತೆ ನೋಡಿಕೊಳ್ಳಬೇಕೆಂಬುದು ನನ್ನ ಸಲಹೆ. ಜನಸಂಖ್ಯೆಯ ಒತ್ತಡದಿಂದ ಹಂಚಲೇಬೇಕಾದಾಗ, ಹಂಚಿದ ಹೋಬಳಿಯನ್ನು ರಾಜ್ಯ ಸರ್ಕಾರವು ಕಂದಾಯ ಆಡಳಿತದಲ್ಲೂ ಹೊಸ ಕ್ಷೇತ್ರದ ತಾಲ್ಲೂಕಿಗೆ ಸೇರಿಸುವುದನ್ನು ಪರಿಶೀಲಿಸಬಹುದು. ತಾಲ್ಲೂಕು ಗಡಿ ಬದಲಿಸುವ ಅಧಿಕಾರ ಅದರ ಕೈಯಲ್ಲೇ ಇದೆ.

ಒಮ್ಮೆ ಆಯೋಗದ ಅಂತಿಮ ಆದೇಶ ಹೊರಬಿದ್ದರೆ ಅದಕ್ಕೆ ಕಾನೂನಿನ ಬಲವಿರುತ್ತದೆ, ನ್ಯಾಯಾಲಯದ ದಾರಿಯೂ ಬಹುಮಟ್ಟಿಗೆ ಮುಚ್ಚುತ್ತದೆ. ಆದ್ದರಿಂದ ಮಾತಾಡಲು ಇರುವ ಕಾಲ ಕರಡು ಪ್ರಕಟವಾಗಿ ಸಾರ್ವಜನಿಕ ಅಹವಾಲು ಮುಗಿಯುವವರೆಗಿನದು ಮಾತ್ರ. 2002ರ ಕಾಯ್ದೆಯಂತೆ ಆಯೋಗದಲ್ಲಿ ಸಹ ಸದಸ್ಯರಾಗಿ ಕೂರುವ ರಾಜ್ಯದ ಐವರು ಸಂಸದರಿಗೂ ಐವರು ಶಾಸಕರಿಗೂ ಮತ ಹಾಕುವ ಹಕ್ಕಿಲ್ಲ; ಅವರನ್ನೇ ನಂಬಿ ಕೂರುವುದು ಸಾಲದು. ದುದ್ದ, ಕೊತ್ತತ್ತಿ, ಕೊಪ್ಪ ಹೋಬಳಿಗಳ ಗ್ರಾಮ ಪಂಚಾಯಿತಿಗಳು ಗ್ರಾಮಸಭೆಯಲ್ಲಿ ಚರ್ಚಿಸಿ, ತಮಗೆ ಯಾವ ಜೋಡಣೆ ಅನುಕೂಲವೆಂದು ನಿರ್ಣಯ ಮಾಡಿ ಇಟ್ಟುಕೊಳ್ಳಬೇಕು. ಕರಡು ಬಂದ ದಿನ ತಾವೂ ಪತ್ರಿಕೆಯಲ್ಲಿ ಕ್ಷೇತ್ರಗಳ ಹೆಸರುಗಳನ್ನಷ್ಟೇ ಕೊಡದೆ, ಹೋಬಳಿಗಳ ಗಡಿ ತೋರಿಸುವ ನಕ್ಷೆಯನ್ನೂ ಆಕ್ಷೇಪಣೆ ಸಲ್ಲಿಸುವ ಕಡೆಯ ದಿನಾಂಕವನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತು,
ಓರ್ವ ಓದುಗ
ದುದ್ದ ಹೋಬಳಿ, ಮಂಡ್ಯ ತಾಲ್ಲೂಕು